ಗೊರಕೆ ಹೊಡೆಯದ ಮನೆತನ

ನಮ್ಮವ್ವ ಸುಳ್ಳು ಹೇಳುವ ಹೆಂಗಸಲ್ಲ. ಪಕ್ಕದ ಮನೆಯ ಗಿಡದಿಂದ ಕೇಳದೆ ಎರಡು ಎಸಳು ಕರಿಬೇವು ಕಿತ್ತರೂ ಸಂಜೆಯೊಳಗೆ ಹೋಗಿ ಒಪ್ಪಿಸಿ ಬರುತ್ತಾಳೆ. ಅಂಥವಳು ಹೋದ ವರ್ಷ ತರೀಕೆರೆಯ ಡಾಕ್ಟರೊಬ್ಬರ ಎದುರು ಬೆನ್ನು ನೆಟ್ಟಗೆ ಮಾಡಿ ಕುಳಿತು, ಕಣ್ಣು ಮಿಟುಕಿಸದೆ ಒಂದು ಸುಳ್ಳು ಹೇಳಿದಳು.

ಡಾಕ್ಟರು ಕೇಳಿದ್ದು ಇಷ್ಟೇ: "ಮಗು ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾ?"

"ನಮ್ಮನೆ ಹೆಣ್ಮಕ್ಳು ಯಾರೂ ಗೊರಕೆ ಹೊಡ್ಯಲ್ಲ ಡಾಕ್ಟ್ರೇ."

ನಾನು ಪಕ್ಕದಲ್ಲೇ ಇದ್ದೆ. ಅಜ್ಜಂಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನಣ್ಣ ರುದ್ರಪ್ಪ ಇದ್ದ. ಅತ್ತಿಗೆ ಇದ್ದಳು. ಮೂವರೂ ಒಟ್ಟಿಗೆ ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆವು. ಅಣ್ಣನ ಮಗಳು ಶಶಿ, ಆರು ವರ್ಷದವಳು, ಅಪ್ಪನ ತೊಡೆಯ ಮೇಲೆ ಬಾಯಿ ತೆರೆದುಕೊಂಡು ತೂಕಡಿಸುತ್ತಿದ್ದಳು.

ಈ ಹುಡುಗಿಯ ಗೊರಕೆ ಎಂಥದ್ದು ಗೊತ್ತೇ? ಮಧ್ಯಾಹ್ನ ಅವಳು ಒಳಕೋಣೆಯಲ್ಲಿ ಮಲಗಿದ್ದಾಗ ಜಗಲಿಗೆ ಬಂದ ನೆಂಟರೊಬ್ಬರು, "ಹಿತ್ತಲಾಗೆ ಹಿಟ್ಟಿನ ಗಿರಣಿ ಹಾಕ್ಸಿದ್ರಾ?" ಎಂದು ಕೇಳಿದ್ದರು. (ಅವ್ವ "ಹೂಂ, ಪಕ್ಕದ ಮನೆಯೋರು ಹಾಕ್ಸವ್ರೆ" ಎಂದಿದ್ದಳಂತೆ. ಹಾಗೆ ನೋಡಿದರೆ ತರೀಕೆರೆಯದು ಎರಡನೇ ಸುಳ್ಳು.)

ಡಾಕ್ಟರು ಪಾಪ ಏನು ಮಾಡಿಯಾರು? ಮಗುವಿಗೆ ತಿಂದದ್ದು ಮೈಗೆ ಹತ್ತುತ್ತಿಲ್ಲ. ಕಣ್ಣಿನ ಕೆಳಗೆ ಕಪ್ಪು. ಶಾಲೆಯಲ್ಲಿ ನಿದ್ದೆ. ಹಾಸಿಗೆ ಒದ್ದೆ. ಒಂದು ಮುದ್ದೆ ನುಂಗುವುದಕ್ಕೆ ಒಂದು ಗಂಟೆ. ಕೇಳಬೇಕಾದ ಪ್ರಶ್ನೆಯನ್ನೇ ಅವರು ಕೇಳಿದರು. ಗೊರಕೆ ಇಲ್ಲ, ನಿದ್ದೆ ಚೆನ್ನಾಗಿದೆ ಎಂದು ಮನೆಯ ಹಿರಿಯಳೇ ಸಾಕ್ಷಿ ಹೇಳಿದ ಮೇಲೆ ಇನ್ನೇನು ಉಳಿಯುತ್ತದೆ? ಹೊಟ್ಟೆಯಲ್ಲಿ ಹುಳ ಇರಬೇಕು, ರಕ್ತ ಕಡಿಮೆ ಇರಬೇಕು. ಹುಳದ ಔಷಧಿ, ಕಬ್ಬಿಣದ ಟಾನಿಕ್ ಬರೆದುಕೊಟ್ಟು ಕಳಿಸಿದರು.

ಹೊರಗೆ ಬಂದ ಕೂಡಲೇ ನಾನು ಅವ್ವನನ್ನು ಹಿಡಿದುಕೊಂಡೆ. "ಯಾಕವ್ವಾ ಹಂಗಂದೆ?"

"ಆ ಕಾಂಪೌಂಡರ್‌ನ ನೋಡ್ಲಿಲ್ವಾ ನೀನು? ಕಿವಿ ಇಷ್ಟಗಲ ಮಾಡ್ಕಂಡು ನಿಂತಿದ್ದ. ಪಂಚನಹಳ್ಳಿ ಕಡೆಯೋನು. ನಾನಿವತ್ತು ಹೂಂ ಅಂದಿದ್ರೆ ನಾಳೆ ಅಲ್ಲಿಗೆ ಸುದ್ದಿ."

"ಮುಟ್ಲಿ ಬಿಡು. ಶಶಿಗಿನ್ನೂ ಆರು ವರ್ಷ."

"ಸುದ್ದಿಗೆ ವಯಸ್ಸಾಗಲ್ಲ ಕಣೇ."

ಪಂಚನಹಳ್ಳಿ ಎಂದರೆ ಅವ್ವ ನಡುಗುವುದಕ್ಕೆ ಕಾರಣ ನಾನೇ.

ಹೇಳಿಬಿಡುತ್ತೇನೆ. ನನಗೆ ಇಪ್ಪತ್ತೊಂದು ನಡೆಯುತ್ತಿದ್ದಾಗ ಅಲ್ಲಿಂದ ಒಂದು ಸಂಬಂಧ ಬಂದಿತ್ತು. ನಮ್ಮ ಕಡೆ ಹೆಣ್ಣು ನೋಡಲು ಬಂದ ಹಿರಿಯ ಹೆಂಗಸರು ಸಾಮಾನ್ಯವಾಗಿ ಕಡೇ ಬಸ್ಸು ತಪ್ಪಿಸಿಕೊಳ್ಳುತ್ತಾರೆ. ಬಸ್ಸು ತಾನಾಗಿ ತಪ್ಪುವುದಲ್ಲ, ಇವರೇ ತಪ್ಪಿಸಿಕೊಳ್ಳುವುದು. ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಬಸ್ಸು ಹೊರಟ ಸದ್ದು ಕೇಳಿದ ಮೇಲೆ "ಅಯ್ಯೋ ಹೊಂಟೇ ಹೋಯ್ತಲ್ಲಾ" ಎನ್ನುತ್ತಾರೆ. ಆಮೇಲೆ ಹುಡುಗಿಯ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಾರೆ. ಜಡೆ ಬಿಚ್ಚಿದರೆ ಕೂದಲು ಎಷ್ಟು ಉದ್ದ, ಎಷ್ಟು ಹೊತ್ತಿಗೆ ಏಳುತ್ತಾಳೆ, ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆಯೇ, ಎಲ್ಲ ತಪಾಸಣೆ. ರೈಲ್ವೆಯವರು ಬೋಗಿ ಕೂಡ ಹೀಗೆ ಪರೀಕ್ಷೆ ಮಾಡುವುದಿಲ್ಲ.

ನನಗೆ ಅಂದು ನೆಗಡಿ. ಮೂಗು ಪೂರ್ತಿ ಕಟ್ಟಿತ್ತು. ಹುಡುಗನ ಸೋದರತ್ತೆ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಹೋದರು, ಅವರ ಹಿಂದೆಯೇ ಸುದ್ದಿ ಬಂತು. "ಹುಡುಗಿ ಲಕ್ಷಣವಾಗವ್ಳೆ. ಆದ್ರೆ ಗಂಡಸಿನಂಗೆ ಗೊರಕೆ ಹೊಡೀತಾಳೆ." ಆಮೇಲೆ ಬಂದ ಎರಡು ಸಂಬಂಧಗಳೂ ಮನೆ ಬಾಗಿಲು ಮುಟ್ಟುವ ಮೊದಲೇ ವಾಪಸು ಹೋದವು. ನನಗೆ ಕಡೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿತು, ಓದುವುದಕ್ಕೆ ಬರೆಯುವುದಕ್ಕೆ ಪುರುಸೊತ್ತು ಸಿಕ್ಕಿತು, ವಾರಕ್ಕೊಮ್ಮೆ ತಲೆ ತಿನ್ನಲು ನೀವು ಸಿಕ್ಕಿದಿರಿ. ನನ್ನದು ಮುಗಿದ ಕಥೆ, ನನಗೆ ಅದರ ದುಃಖವಿಲ್ಲ. ಅವ್ವನಿಗೆ ಮಾತ್ರ ಅದು ಇನ್ನೂ ಮುಗಿದಿಲ್ಲ.

ಆದರೂ ಅಲ್ಲರೀ, ನೆಗಡಿಯ ಒಂದು ರಾತ್ರಿಗಾಗಿ ಒಂದು ಮಗುವಿನ ಕಾಯಿಲೆಯನ್ನೇ ಮುಚ್ಚಿಡುವುದೇ?

ಇದೇ ಗಂಡು ಹುಡುಗನಾಗಿದ್ದರೆ ನೋಡಬೇಕಿತ್ತು. ಅಣ್ಣನ ಮನೆಯ ಎದುರುಗಡೆ ಒಂದು ಮೊಮ್ಮಗ ಇದೆ. ಅದು ಗೊರಕೆ ಹೊಡೆದರೆ ಮನೆಮಂದಿಯೆಲ್ಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಥೇಟ್ ಅವರ ತಾತನೇ!" ಎಂದು ಹಿಗ್ಗುತ್ತಾರೆ. ಹೆಣ್ಣಿನ ಗೊರಕೆ ಮಾನ ಕಳೆಯುತ್ತದೆ, ಗಂಡಿನ ಗೊರಕೆ ವಂಶ ಬೆಳಗುತ್ತದೆ. ಎರಡರಲ್ಲೂ ಡಾಕ್ಟರಿಗೆ ತೋರಿಸುವ ಮಾತಿಲ್ಲ!

ನಾಲ್ಕು ತಿಂಗಳು ಟಾನಿಕ್ ಕುಡಿದದ್ದಾಯಿತು. ಶಶಿ ಇದ್ದ ಹಾಗೇ ಇದ್ದಳು. ಬದಲಾದದ್ದು ಹಲ್ಲಿನ ಬಣ್ಣ ಮಾತ್ರ. ಅಷ್ಟರಲ್ಲಿ ಶಾಲೆಯ ಮೇಷ್ಟ್ರು ಅಣ್ಣನನ್ನು ಕರೆಸಿದರು. "ಮಗು ಮಂದ ಸಾಹುಕಾರ್ರೇ. ಮಗ್ಗಿ ಶುರು ಮಾಡೋ ಹೊತ್ತಿಗೆ ಗೋಡೆಗೆ ಒರಗ್ಬಿಡ್ತಾಳೆ. ಇನ್ನೊಂದು ವರ್ಷ ಒಂದನೇ ಕ್ಲಾಸಲ್ಲೇ ಇರ್ಲಿ." ಅವ್ವ ಇನ್ನೊಂದು ಹೆಜ್ಜೆ ಮುಂದೆ ಹೋದಳು. "ತಲೆಗೆ ಹತ್ತದ ಮೇಲೆ ಯಾಕೆ ಕಳಿಸ್ಬೇಕು? ಮನೇಲಿರ್ಲಿ ಬಿಡು." ಅಣ್ಣ ಎಂದಿನಂತೆ "ಅವ್ವ ಹೇಳಿದ ಮೇಲೆ ಮುಗೀತು" ಎಂದ. ಆರು ವರ್ಷದ ಮಗುವಿನ ಓದು ಮುಗಿಸಲು ಈ ಮೂರು ಮಾತು ಸಾಕಾದವು.

ನನಗೆ ಮೈ ಉರಿದುಹೋಯಿತು. ದಸರಾ ರಜೆಯ ನೆಪ ಮಾಡಿ, "ಒಂದು ವಾರ ನನ್ನ ಜೊತೆ ಇರಲಿ" ಎಂದು ಶಶಿಯನ್ನು ಕಡೂರಿಗೆ ಹೊರಡಿಸಿದೆ.

ಅಜ್ಜಂಪುರದಿಂದ ಮಧ್ಯಾಹ್ನದ ಪ್ಯಾಸೆಂಜರ್. ರೈಲು ಹೊರಟು ಐದು ನಿಮಿಷವಾಗಿಲ್ಲ, ಹುಡುಗಿ ನನ್ನ ತೊಡೆಯ ಮೇಲೆ ಕುತ್ತಿಗೆ ಹಿಂದಕ್ಕೆ ಚೆಲ್ಲಿ ಮಲಗಿಬಿಟ್ಟಳು. ಕಿಟಕಿಯಿಂದ ಗಾಳಿ ಬೀಸುತ್ತಿದ್ದರೂ ಅವಳ ಹಣೆಯಲ್ಲಿ ಬೆವರು. ಗೊರಕೆ ಶುರುವಾಯಿತು. ನಾನು ಅಕ್ಕಪಕ್ಕ ನೋಡಿ, ಮೆಲ್ಲಗೆ ಸೆರಗನ್ನು ಅವಳ ಮುಖದ ಮೇಲೆ ಎಳೆದೆ. (ಹೌದು, ನಾನೇ. ಗಮನಿಸಿಕೊಳ್ಳಿ.)

ದಿನವಿಡೀ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬದುಕುವವಳು ನಾನು. ಲೈನು ಸತ್ತರೆ ಆ ಕ್ಷಣವೇ ಗೊತ್ತಾಗುತ್ತದೆ. ಅವತ್ತು ನನ್ನ ತೊಡೆಯ ಮೇಲೆ ಲೈನು ಸತ್ತಿತು. ಗೊರಕೆ ಇದ್ದಕ್ಕಿದ್ದ ಹಾಗೆ ನಿಂತುಹೋಯಿತು. ಸೆರಗು ಸರಿಸಿ ನೋಡಿದೆ. ಎದೆ ಮೇಲೆ ಕೆಳಗೆ ಆಡುತ್ತಿದೆ, ಪಕ್ಕೆಲುಬುಗಳ ನಡುವೆ ಗುಳಿ ಬೀಳುತ್ತಿದೆ, ಆದರೆ ಮೂಗಿನ ಹತ್ತಿರ ಕೈ ಹಿಡಿದರೆ ಗಾಳಿಯೇ ಇಲ್ಲ. ತುಟಿ ಕಪ್ಪಿಡುತ್ತಿದೆ. ಒಂದು, ಎರಡು, ಮೂರು ಎಂದು ಎಣಿಸಿದೆ. ಹನ್ನೆರಡಕ್ಕೆ ಮಗು ಮೈ ಪೂರ್ತಿ ಬೆಚ್ಚಿ, ನೀರಿನಿಂದ ಮೇಲೆ ಬಂದವರ ಹಾಗೆ ದೊಡ್ಡದಾಗಿ ಉಸಿರೆಳೆದುಕೊಂಡಿತು. ಕಣ್ಣು ಬಿಡಲಿಲ್ಲ. ಮತ್ತೆ ಗೊರಕೆ. ಸ್ವಲ್ಪ ಹೊತ್ತಿಗೆ ಮತ್ತೆ ಮೌನ.

ನಾನು ಅವಳ ತಲೆಯನ್ನು ಎತ್ತಿ ತೋಳಿನ ಮೇಲೆ ಇಟ್ಟುಕೊಂಡೆ.

ಎದುರು ಸೀಟಿನಲ್ಲಿ ಒಬ್ಬ ಹೆಂಗಸು ನನ್ನನ್ನೇ ನೋಡುತ್ತಿದ್ದರು. ಬಿಳಿ ಸೀರೆ, ಕಾಲ ಬಳಿ ಕಪ್ಪು ಚರ್ಮದ ಬ್ಯಾಗು. ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ನರ್ಸಮ್ಮ, ಬೀರೂರಿಗೆ ಹೊರಟವರು.

"ಎಷ್ಟು ದಿನದಿಂದ ಹಿಂಗೈತೆ?" ಎಂದರು.

ನಾನು ಏನು ಹೇಳಿದೆ ಊಹಿಸಿ.

"ಇಲ್ಲ ಇಲ್ಲ, ಇವತ್ತು ಸ್ವಲ್ಪ ನೆಗಡಿ, ಅಷ್ಟೆ."

ಬಾಯಿಂದ ತಾನಾಗಿ ಬಂದುಬಿಟ್ಟಿತು. ಮಗುವಿನ ಉಸಿರು ನಿಂತದ್ದನ್ನು ನನ್ನ ಕೈಯಾರೆ ಎಣಿಸಿ ಇನ್ನೂ ಒಂದು ನಿಮಿಷವಾಗಿರಲಿಲ್ಲ. ಹೆಸರೂ ಗೊತ್ತಿಲ್ಲದ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹೋಗುವ ಒಬ್ಬ ಹೆಂಗಸಿಗೆ ನಾನು ಸುಳ್ಳು ಹೇಳಿದ್ದೆ.

ನರ್ಸಮ್ಮ ಕನ್ನಡಕದ ಮೇಲಿಂದ ನೋಡಿದರು. "ಯಾಕವ್ವಾ ಸುಳ್ಳು ಹೇಳ್ತೀಯ? ನಾನೇನು ಗಂಡಿನ ಕಡೆಯೋಳಾ?"

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಅವರು ಎದ್ದು ಬಂದು ಪಕ್ಕದಲ್ಲಿ ಕುಳಿತರು. ಮಗುವಿನ ಬಾಯೊಳಗೆ ಇಣುಕಿದರು. "ಇದು ಬರೀ ಗೊರಕೆ ಅಲ್ಲ ಕಣವ್ವಾ, ಉಸಿರು ಕಟ್ತಾ ಐತೆ. ಗಂಟಲಾಗೆ ಗಡ್ಡೆ ನೋಡು, ದಾರೀನೇ ಇಲ್ಲ. ಮೂಗಿನ ಹಿಂದೂ ಇರ್ತದೆ, ನಮಗೆ ಕಾಣಲ್ಲ. ರಾತ್ರಿಯೆಲ್ಲಾ ಉಸಿರಿಗೆ ಬಡಿದಾಡೋ ಕೂಸು ಹಗಲು ಇಸ್ಕೂಲಲ್ಲಿ ಮಲಗ್ದೆ ಇನ್ನೇನು ಮಾಡ್ತದೆ? ಶಿವಮೊಗ್ಗಕ್ಕೆ ಕರ್ಕಂಡೋಗು, ಕಿವಿ ಮೂಗು ಗಂಟ್ಲು ಡಾಕ್ಟ್ರ ಹತ್ರ. ತಡ ಮಾಡ್ಬೇಡ."

ಶಾಲೆಯಲ್ಲಿ ಮಲಗುತ್ತಾಳೆಂದು ನಾನು ಹೇಳಿಯೇ ಇರಲಿಲ್ಲ!

ಬೀರೂರಿನಲ್ಲಿ ಅವರು ಇಳಿದರು. ನಾನು ಕಡೂರಿನಲ್ಲಿ ಇಳಿದೆ, ಮರುದಿನವೇ ರಜೆ ಹಾಕಿ, ಶಶಿಯನ್ನು ಕರೆದುಕೊಂಡು ಅಜ್ಜಂಪುರಕ್ಕೆ ವಾಪಸು ಹೋದೆ.

ಅಲ್ಲಿ ನಡೆದದ್ದು ಜಗಳ. ಪೂರ್ತಿ ಬರೆದರೆ ಸಂಪಾದಕರು ಕತ್ತರಿ ಹಾಕುತ್ತಾರೆ. ಗಂಟಲಿಗೆ ಕತ್ತಿ ಹಾಕಿದರೆ ಧ್ವನಿ ಹೋಗುತ್ತದೆ ಎಂದಳು ಅವ್ವ. ಆಪರೇಷನ್ ಆದ ಹುಡುಗಿ ಎಂದು ಜೀವಮಾನವಿಡೀ ಆಡಿಕೊಳ್ಳುತ್ತಾರೆ ಎಂದಳು. ದೊಡ್ಡವಳಾದಾಗ ತಾನಾಗಿ ಹೋಗುತ್ತದೆ ಎಂದಳು. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಾನು ಎಂದೂ ಅವ್ವನ ಮೇಲೆ ಕೂಗಿದವಳಲ್ಲ, ಅವತ್ತು ಕೂಗಿದೆ.

"ದೊಡ್ಡವಳಾಗೋಕೆ ಉಸಿರು ಬೇಡ್ವೇನವ್ವಾ?"

ಜೀವನದಲ್ಲಿ ಮೊದಲ ಸಲ ಅವ್ವನನ್ನು ಕೇಳದೆ ಅಣ್ಣ, "ನಾಳೆ ಶಿವಮೊಗ್ಗಕ್ಕೆ ಹೋಗಾಣ" ಎಂದ. ಅವ್ವ ತಾನೂ ಬರುತ್ತೇನೆಂದು ಹೊರಟಳು. ಯಾಕೆ ಎಂದು ನನಗೆ ಗೊತ್ತಿತ್ತು. ಸಾಕ್ಷಿ ಹೇಳುವುದಕ್ಕೆ!

ಶಿವಮೊಗ್ಗದ ಡಾಕ್ಟರು ಸಿಡುಕಿನ ಮನುಷ್ಯ. ನನಗೆ ನೋಡಿದ ಕೂಡಲೇ ಇಷ್ಟವಾದರು. ಬಾಯೊಳಗೆ ಟಾರ್ಚ್ ಬಿಟ್ಟು ನೋಡಿದರು. ಕತ್ತಿನ ಪಕ್ಕದಿಂದ ಒಂದು ಎಕ್ಸ್-ರೇ ತೆಗೆಸಿ, ಬೆಳಕಿಗೆ ಹಿಡಿದು ತೋರಿಸಿದರು. "ಇದು ಕಪ್ಪಗೆ ಕಾಣುತ್ತಲ್ಲ, ಇದು ಗಾಳಿ ಹೋಗುವ ದಾರಿ. ಇಲ್ಲಿ ನೋಡಿ, ದಾರದಷ್ಟೂ ಇಲ್ಲ." ಆಮೇಲೆ ಪೆನ್ನು ತೆಗೆದು ಕೇಳಿದರು. "ಗೊರಕೆ ಎಷ್ಟು ವರ್ಷದಿಂದ?"

ಎಷ್ಟು ವರ್ಷದಿಂದ ಎಂದರು ನೋಡಿ, ಇದೆಯೋ ಇಲ್ಲವೋ ಎಂದಲ್ಲ. ಬಾಗಿಲು ತೆರೆದೇ ಇತ್ತು. ಹೊರಗಿನ ಬೆಂಚಿನ ತುಂಬ ಜನ. ಅವ್ವ ಒಂದು ಸಲ ಆ ಕಡೆ ನೋಡಿದಳು.

"ಗೊರಕೆ ಏನಿಲ್ಲ ಡಾಕ್ಟ್ರೇ. ಸ್ವಲ್ಪ ಸದ್ದು..."

ನಾನು ಬಾಯಿ ತೆರೆಯುವ ಮೊದಲೇ, ಸ್ಟೂಲಿನ ಮೇಲೆ ಕುಳಿತಿದ್ದ ಶಶಿ, ಮೂಗಿನಲ್ಲಿ ಮಾತಾಡುವ ತನ್ನ ದನಿಯಲ್ಲಿ ಹೇಳಿದಳು.

"ನಾನು ಮಲಕ್ಕಂಡ್ರೆ ಅಜ್ಜಿ ರೇಡಿಯೋ ಜೋರು ಮಾಡ್ತಾಳೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹೌದಾ? ಮತ್ತೆ?"

"ಮದುವೆ ಮನೇಲಿ ನಿದ್ದೆ ಬಂದ್ರೆ ಅಮ್ಮ ಚಿವುಟ್ತಾಳೆ. ಇಲ್ಲಿ." ತೋಳು ಮುಂದೆ ಮಾಡಿದಳು. ದೂರು ಹೇಳುವ ದನಿ ಅಲ್ಲ. ಡಾಕ್ಟರು ಕೇಳಿದರು, ಅವಳು ಹೇಳಿದಳು, ಅಷ್ಟೆ. ರಾತ್ರಿಯೆಲ್ಲ ಉಸಿರಿಗೆ ಒದ್ದಾಡುವ ಮಗು, ಹಗಲು ಕಣ್ಣು ಮುಚ್ಚಿದರೆ ಚಿವುಟುವುದು! ನಾಲ್ಕು ಜನರ ಎದುರು ಗೊರಕೆ ಹೊಡೆದುಬಿಟ್ಟೀತು ಎಂದು! ಇದು ನನಗೂ ಗೊತ್ತಿರಲಿಲ್ಲ. ಅತ್ತಿಗೆ ಅಲ್ಲೇ ಬಿಕ್ಕಿ ಅತ್ತುಬಿಟ್ಟಳು. ಅವಳ ಮೇಲೆ ನನಗೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು.

ಡಾಕ್ಟರು ಅವ್ವನ ಕಡೆ ತಿರುಗಿದರು. "ಅಜ್ಜೀ, ಈಗ ಹೇಳಿ."

ಅವ್ವ ಇನ್ನೊಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ಬಂತು ನೋಡಿ.

"ಹೊಡೀತಾಳೆ. ಮೂರು ವರ್ಷದಿಂದ ಹೊಡೀತಾಳೆ. ಮಧ್ಯ ಮಧ್ಯ ನಿಂತೋಗ್ತದೆ. ನಾನು ಪಕ್ಕದಾಗೇ ಮಲಗೋದು. ನಿಂತಾಗೆಲ್ಲ ಅಲುಗಾಡಿಸಿ ಎಬ್ಬಿಸ್ತೀನಿ. ಎಲ್ಲಿ ಹೋಗಿಬಿಡ್ತಾಳೋ ಅಂತ ನಾನು ಮೂರು ವರ್ಷದಿಂದ ಕಣ್ತುಂಬ ಮಲಗಿಲ್ಲ ಸ್ವಾಮಿ."

ಗೊತ್ತಿತ್ತು! ಉಸಿರು ನಿಲ್ಲುವುದು ಅವ್ವನಿಗೆ ಮೊದಲಿನಿಂದ ಗೊತ್ತಿತ್ತು. ಮೂರು ವರ್ಷ ನಿದ್ದೆಗೆಟ್ಟು ಮಗುವನ್ನು ಕಾದಿದ್ದಾಳೆ. ಅಷ್ಟು ವರ್ಷವೂ ಒಂದು ಮಾತು ಯಾರಿಗೂ ಹೇಳಿಲ್ಲ. ಪ್ರಾಣ ಬೇಕಾದರೂ ಕೊಡುತ್ತಾಳೆ, ಮಾತು ಮಾತ್ರ ಹೊರಗೆ ಬಿಡುವುದಿಲ್ಲ. ಇದನ್ನು ಪ್ರೀತಿ ಅನ್ನಬೇಕೋ, ಗೋಡೆಗೆ ತಲೆ ಚಚ್ಚಿಕೊಳ್ಳಬೇಕೋ, ನೀವೇ ಹೇಳಿ. ನಾನು ಎರಡನ್ನೂ ಮಾಡದೆ ಅವ್ವನ ಕೈ ಹಿಡಿದುಕೊಂಡೆ.

ಡಾಕ್ಟರು ಬಯ್ಯಬಹುದಿತ್ತು. ಬಯ್ಯಲಿಲ್ಲ. "ನಿದ್ದೆಯಲ್ಲಿ ಹೀಗೆ ಉಸಿರು ನಿಲ್ಲುವುದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ, ನಮ್ಮ ಪುಸ್ತಕಗಳಲ್ಲೇ ಈಚೆಗೆ ಬರುತ್ತಿದೆ. ಮಕ್ಕಳಲ್ಲಿ ಹೆಚ್ಚಾಗಿ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್ ಊದಿಕೊಂಡು ಹೀಗಾಗುತ್ತದೆ. ಮಲಗಿದಾಗ ಗಂಟಲು ಸಡಿಲವಾಗಿ ದಾರಿ ಮುಚ್ಚಿಹೋಗುತ್ತದೆ. ಮೆದುಳು ಬೆಚ್ಚಿ ಎಬ್ಬಿಸುತ್ತದೆ. ರಾತ್ರಿಯೆಲ್ಲ ಇದೇ. ಅದಕ್ಕೇ ಬೆಳವಣಿಗೆ ಇಲ್ಲ, ಹಾಸಿಗೆ ಒದ್ದೆ, ಶಾಲೆಯಲ್ಲಿ ನಿದ್ದೆ. ಹೀಗೇ ಬಿಟ್ಟರೆ ಮುಂದೆ ಹೃದಯಕ್ಕೂ ಏಟು. ಎರಡನ್ನೂ ತೆಗೆದುಬಿಡೋಣ" ಎಂದರು. ಅಷ್ಟು ಸರಳವಾಗಿತ್ತು ವಿಷಯ.

ಮುಂದಿನ ವಾರ ಆಪರೇಷನ್. ಖಾಲಿ ಹೊಟ್ಟೆಯಲ್ಲಿ ಅಳುತ್ತಿದ್ದ ಶಶಿಯನ್ನು ನರ್ಸ್ ಎತ್ತಿಕೊಂಡು ಒಳಗೆ ಹೋದಾಗ ಅವ್ವ ಬಾಗಿಲ ಎದುರು ನೆಲದ ಮೇಲೇ ಕುಳಿತಳು, ಏಳಲಿಲ್ಲ. ಒಂದು ಗಂಟೆಯಾದ ಮೇಲೆ ಡಾಕ್ಟರು ಒಂದು ಟ್ರೇ ಹಿಡಿದು ಹೊರಗೆ ಬಂದರು. ಹಸಿ ಅಡಿಕೆಯಷ್ಟು ದಪ್ಪದ ಎರಡು ಮಾಂಸದ ಗಡ್ಡೆ, ಪಕ್ಕದಲ್ಲಿ ಮುದ್ದೆಯಾದ ಇನ್ನೊಂದು ಚೂರು. ಅವ್ವ ಬಗ್ಗಿ ನೋಡಿದಳು.

"ಇಷ್ಟಕ್ಕೇನಾ?" ಎಂದಳು. ಎಂದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮೂರು ದಿನ ಗಂಟಲು ನೋವೆಂದು ಶಶಿ ಐಸ್‌ಕ್ರೀಂ ಬಿಟ್ಟು ಬೇರೇನೂ ಮುಟ್ಟಲಿಲ್ಲ. (ನಾಲ್ಕನೇ ದಿನ ನೋವು ಹೋದರೂ ಹೇಳಲಿಲ್ಲ. ಎಷ್ಟಾದರೂ ಅವ್ವನ ಮೊಮ್ಮಗಳು.) ಹತ್ತನೇ ದಿನ ಅಜ್ಜಂಪುರಕ್ಕೆ ಹೋದಾಗ ಮಧ್ಯಾಹ್ನ ಅವಳು ಪಡಸಾಲೆಯ ನಡುವೆ, ಎಲ್ಲರ ಎದುರಿಗೇ ಮಲಗಿದ್ದಳು. ಬಾಯಿ ಮುಚ್ಚಿತ್ತು. ಶಶಿಯ ಮುಚ್ಚಿದ ಬಾಯಿಯನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟು ಚೆಂದದ ಪುಟ್ಟ ತುಟಿಗಳು! ಅಲ್ಲೇ ನಿಂತು ನೋಡಿದೆ, ಕಣ್ಣು ತುಂಬಿ ಬಂತು. ಅವ್ವ ಮೊಮ್ಮಗಳ ಪಕ್ಕದಲ್ಲಿ ಅಡ್ಡಾಗಿ, ಹಾಯಾಗಿ ಗೊರಕೆ ಹೊಡೆಯುತ್ತಿದ್ದಳು.

ಈಗ ಆರು ತಿಂಗಳಾಯಿತು. ಫ್ರಾಕುಗಳೆಲ್ಲ ಗಿಡ್ಡವಾಗಿವೆ. ಹಾಸಿಗೆ ಒಣಗಿದೆ. ಮಂದ ಎಂದಿದ್ದ ಮೇಷ್ಟ್ರು ಮೊನ್ನೆ ಅಣ್ಣನನ್ನು ಮತ್ತೆ ಕರೆಸಿದ್ದರು. "ಏನ್ ಸಾಹುಕಾರ್ರೇ, ನಿಮ್ಮ ಮಗಳದು ಕ್ಲಾಸಲ್ಲಿ ಮಾತೇ ಮಾತು. ನನಗೆ ಪಾಠ ಮಾಡೋಕೆ ಬಿಡಲ್ಲ" ಎಂದರಂತೆ. ಇವರನ್ನು ಸಮಾಧಾನ ಮಾಡುವುದು ಯಾವ ಡಾಕ್ಟರ ಕೈಲೂ ಆಗದು.

ಇದನ್ನು ಬರೆಯಲು ಅವ್ವನ ಒಪ್ಪಿಗೆ ಕೇಳಿದೆ. "ಬರಿ. ನಾಕು ಜನಕ್ಕೆ ತಿಳೀಲಿ. ಆದ್ರೆ ಕೂಸಿನ ಹೆಸರು ಹಾಕ್ಬೇಡ" ಎಂದಳು. ಹಾಕಿಲ್ಲ. ಶಶಿ ಅವಳ ನಿಜವಾದ ಹೆಸರಲ್ಲ, ಅಣ್ಣ ಮಾರುವುದು ಬಟ್ಟೆಯೂ ಅಲ್ಲ. ಅವ್ವ ಹೇಳದಿದ್ದರೂ ನಾನೇ ಬದಲಾಯಿಸುತ್ತಿದ್ದೆ ಎನ್ನುವುದು ನನ್ನ ಪಾಲಿನ ನಾಚಿಕೆ.

ಮೊನ್ನೆ ಎಕ್ಸ್‌ಚೇಂಜಿನಲ್ಲಿ ಊಟದ ಹೊತ್ತಿಗೆ ಈ ಕಥೆಯನ್ನೆಲ್ಲ ಹೇಳಿದೆ. ಎಲ್ಲರೂ ಹೋದ ಮೇಲೆ ಪಕ್ಕದ ಸೀಟಿನ ಗೆಳತಿ ಹತ್ತಿರ ಸರಿದಳು. ಅವಳಿಗೆ ನಾಲ್ಕು ವರ್ಷದ ಮಗಳಿದ್ದಾಳೆ.

"ನಮ್ಮ ಚಿಕ್ಕೋಳೂ ಹಂಗೇ ಕಣೇ. ಹಗಲೆಲ್ಲಾ ಬಾಯಿ ಬಿಟ್ಕಂಡೇ ಇರ್ತಾಳೆ. ಮಲಗಿದ್ರೆ ಎದೆ ಗುಳಿ ಬೀಳ್ತದೆ. ಆ ಡಾಕ್ಟ್ರ ಅಡ್ರೆಸ್ ಕೊಡು."

ಬರೆದುಕೊಟ್ಟೆ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನ ಒಳಜೇಬಿಗೆ ಹಾಕಿಕೊಂಡಳು. ಎರಡು ಹೆಜ್ಜೆ ಹೋದವಳು ಮತ್ತೆ ಬಂದಳು.

"ಮನೇಲಿ ನಮ್ಮತ್ತೆಗೆ ಕಿವಿ ನೋವು ಅಂತ ಹೇಳ್ಲಾ?"

ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಆ ಗೆಳತಿಗೂ, ಇದನ್ನು ಓದುತ್ತ ಒಳಕೋಣೆಯ ಕಡೆ ಕಣ್ಣು ಹಾಯಿಸಿದ ತಾಯಂದಿರಿಗೂ ನನ್ನದು ಒಂದೇ ಪ್ರಶ್ನೆ.

ಮಗು ಹಗಲೂ ರಾತ್ರಿ ಬಾಯಿ ತೆರೆದುಕೊಂಡೇ ಇದೆಯಲ್ಲ, ನೀವು ಬಾಯಿ ಬಿಡುವುದು ಯಾವಾಗ?